ಶೆಟ್ಟರ ಅಂಗಡಿ ಹಿಂದಿನ ಕೆಂಪು ದೀಪ

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ನೆಟ್ ಹೋದರೆ ಜನ ಮೊದಲು ಬೀದಿಗೆ ಬಂದು ಕತ್ತೆತ್ತುತ್ತಾರೆ. ಸಂತ ಫಿಲೋಮಿನಾ ಚರ್ಚಿನ 175 ಅಡಿ ಗೋಪುರಗಳು ಒಂದು ಕಡೆ, ಕಂಬದಿಂದ ಕಂಬಕ್ಕೆ ಜೋತುಬಿದ್ದ ಕಪ್ಪು ಕೇಬಲ್ಲುಗಳು ಇನ್ನೊಂದು ಕಡೆ. ಯಾವ ವೈರು ಯಾರ ಮನೆಯದು ಎಂಬುದು ಕೇಬಲ್ ಹುಡುಗರಿಗೆ ಗೊತ್ತಿದೆ ಎನ್ನುವುದು ಓಣಿಯವರ ನಂಬಿಕೆ. ಕೇಬಲ್ ಹುಡುಗರನ್ನು ಯಾರೂ ಕೇಳಿಲ್ಲ.

ಅಶೋಕ ರಸ್ತೆಯಿಂದ ಒಳಕ್ಕೆ ತಿರುಗಿದ ಓಣಿಯ ಹಳೆ ಮನೆಯೊಂದರಲ್ಲಿ ನೆಟ್ ನಿಂತದ್ದು ನವರಾತ್ರಿಯ ಮೊದಲ ದಿನ. ನಿವೃತ್ತ ಮೇಷ್ಟ್ರು ಬೀದಿ ನೋಡಿ ಬಂದು ಮೊಬೈಲ್ ಹಿಡಿದು ವಾದಕ್ಕೇ ನಿಂತರು: "ಕಡ್ಡಿ ಪೂರ್ತಿ ಇವೆ, ನೆಟ್ ಇಲ್ಲ ಅಂದ್ರೆ ಏನರ್ಥ?"

ಅರ್ಥ ಸರಳ. ಆ ಕಡ್ಡಿಗಳು ಹೇಳುವುದು ಮೊಬೈಲಿಗೂ ರೌಟರಿಗೂ ಇರುವ ಸಂಬಂಧವನ್ನು ಮಾತ್ರ. ರೌಟರಿಗೂ ಲೋಕಕ್ಕೂ ಸಂಬಂಧ ಕಡಿದಿದ್ದರೆ ಅವಕ್ಕೆ ಅದರ ಗೊಡವೆಯಿಲ್ಲ. ಮೊಮ್ಮಗ 192.168.1.1 ಎಂದು ಒತ್ತಿದ. ಪುಟ ತೆರೆಯಿತು. "ಬಂತು ಬಂತು!" ಎಂದರು ಮನೆಯ ಅಮ್ಮಾವ್ರು. ಬಂದದ್ದು ಮನೆಯಲ್ಲೇ ಕೂತಿರುವ ರೌಟರಿನ ಪುಟ. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ.

ಸಹಾಯವಾಣಿಯವರು ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ ಎಂದರು. ಇದನ್ನು ನಗೆಪಾಟಲು ಮಾಡುವವರಿದ್ದಾರೆ, ಆದರೆ ಅದು ಒಳ್ಳೆಯ ಮದ್ದೇ: ರೌಟರಿನ ನೆನಪು ಅಳಿದು, ಹೊಸ ಐಪಿ ವಿಳಾಸ ಕೇಳಿ ಪಡೆದು, ಎಷ್ಟೋ ಸಲ ಅದು ತಾನೇ ಸರಿಹೋಗುತ್ತದೆ. ಈ ಸಲ ಹೋಗಲಿಲ್ಲ. ದೂರು ದಾಖಲಾಗಿದೆ, ವಿವರಕ್ಕೆ ವೆಬ್‌ಸೈಟ್ ನೋಡಿ ಎಂದು ಮೆಸೇಜು ಬಂತು. ಮೊಮ್ಮಗ ಅಜ್ಜಿಯ ಸೀರೆಪಿನ್ನು ಹಿಡಿದು ರೀಸೆಟ್ ತೂತಿನ ಕಡೆ ಹೊರಟಿದ್ದ. ಮೇಷ್ಟ್ರು ಗದರಿದ್ದು ಪುಣ್ಯ. ಅದನ್ನು ಒತ್ತಿದ್ದರೆ ಲಾಗಿನ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿ, ಒಂದು ರೋಗಕ್ಕೆ ಎರಡಾಗುತ್ತಿತ್ತು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಟ್ಟಾಗ ಮೋಡೆಮ್ ಕಿರುಚಿ, ಗೊರಗುಟ್ಟಿ ತನ್ನ ಕಷ್ಟ ಹೇಳಿಕೊಳ್ಳುತ್ತಿತ್ತು. ಈಗಿನದು ಬರೀ ದೀಪ ಮಿಟುಕಿಸುತ್ತದೆ. ಎಲ್‌ಓಎಸ್ ಎಂಬ ದೀಪ ಕೆಂಪಾಗಿ ಮಿಟುಕಿದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಎಂದು ಲೆಕ್ಕ. ಪಾಪ, ಅದು ಬೆಳಗಿನಿಂದ ಮಿಟುಕುತ್ತಲೇ ಇತ್ತು. ಆದರೆ ಅಕ್ಕಪಕ್ಕದಲ್ಲೇ ಹಬ್ಬಕ್ಕೆ ಕೂರಿಸಿದ ಗೊಂಬೆಗಳಿಗೆ ಸುತ್ತಿದ ಸೀರಿಯಲ್ ಸೆಟ್ ಕೂಡ ಮಿಟುಕುತ್ತಿತ್ತಲ್ಲ!

ಸಂಜೆಗೆ ಮುಂಚೆ ಕೇಬಲ್ ಹುಡುಗ ಬಂದ. ರೌಟರಿನಿಂದ ಹಳದಿ ಫೈಬರ್ ವೈರು ಬಿಚ್ಚಿ, ಜೇಬಿನಿಂದ ಪೆನ್ನಿನಂಥ ಲೇಸರ್ ತೆಗೆದು ಅದರ ತುದಿಗೆ ಸಿಕ್ಕಿಸಿದ. ಫೈಬರಿನಲ್ಲಿ ದಿನವೂ ಓಡಾಡುವುದು ಕಣ್ಣಿಗೆ ಕಾಣದ ಅತಿಗೆಂಪು ಬೆಳಕು; ಈ ಪೆನ್ನಿನದು ಕಾಣುವ ಕೆಂಪು. ಗಾಜಿನ ಎಳೆ ಎಲ್ಲಿ ಮುರಿದಿದೆಯೋ, ಎಲ್ಲಿ ಅತಿಯಾಗಿ ಬಾಗಿದೆಯೋ ಅಲ್ಲಿ ಬೆಳಕು ಹೊರಕ್ಕೆ ಸೋರುತ್ತದೆ. ಸಾಮಾನ್ಯ ಫೈಬರನ್ನು ಮೂರು ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಬಾರದು. ಇಲ್ಲಿ ಗೊಂಬೆ ಮೆಟ್ಟಿಲನ್ನು ಗೋಡೆಗೆ ಒತ್ತಿ ನಿಲ್ಲಿಸುವಾಗ ವೈರು ಮಡಚಿಕೊಂಡು ಸಿಕ್ಕಿಬಿದ್ದಿತ್ತು. ಮೆಟ್ಟಿಲ ಮೇಲೆ ದಿನಸಿ ಅಂಗಡಿ ಇಟ್ಟುಕೊಂಡು ಕೂತ ಶೆಟ್ಟರ ಗೊಂಬೆಯ ಬೆನ್ನ ಹಿಂದೆ ಕೆಂಡದಷ್ಟು ಕೆಂಪಗೆ ಹೊಳೆಯಿತು.

"ಮೆಟ್ಟಿಲು ಒಂಚೂರು ಮುಂದಕ್ಕೆ ಎಳೀಬೇಕು ಅಮ್ಮ."

"ಪಟ್ಟದ ಗೊಂಬೆ ಕೂರಿಸಿ ಆರತಿನೂ ಆಗಿದೆ. ವಿಜಯದಶಮಿವರೆಗೂ ಅಲ್ಲಾಡಿಸೋ ಹಾಗಿಲ್ಲಪ್ಪ."

"ಅಲ್ಲೀವರೆಗೂ ನೆಟ್ ಇರಲ್ಲಮ್ಮ."

ಮೇಷ್ಟ್ರು ಈ ಸಂಧಾನಕ್ಕೆ ತಲೆಹಾಕಲಿಲ್ಲ, ಅನುಭವಸ್ಥರು. ಅಮ್ಮಾವ್ರು ಯೋಚಿಸಿ ತೀರ್ಪು ಕೊಟ್ಟರು: "ಶೆಟ್ಟರನ್ನ ಬೇಕಾದ್ರೆ ಸರಿಸು. ರಾಜ-ರಾಣಿ ತಂಟೆಗೆ ಹೋಗಬೇಡ."

ಹುಡುಗ ಶೆಟ್ಟರನ್ನೂ ಅವರ ಹೆಂಡತಿಯನ್ನೂ ಅಕ್ಕಿಬೇಳೆ ಸಮೇತ ಎತ್ತಿಟ್ಟು, ಸಂದಿಯಲ್ಲಿ ಕೈಹಾಕಿ ಮಡಚಿದ ವೈರನ್ನು ಎಳೆದು ಬಿಸಾಡಿ, ಹೊಸದನ್ನು ಅಗಲವಾಗಿ ಸುತ್ತಿ ಮೇಲಿನಿಂದ ತಂದ. ದೀಪ ಹಸಿರಾಯಿತು. ಸಂಜೆ "ಗೊಂಬೆ ಕೂರ್ಸಿದ್ದೀರಾ?" ಎಂದು ಬಂದ ಓಣಿಯ ಮಕ್ಕಳು, ಶೆಟ್ಟರು ಯಾಕೆ ಗೋಡೆಗೆ ಮುಖ ಮಾಡಿ ಕೂತಿದ್ದಾರೆ ಎಂದು ಕೇಳಿದವು. ಅಮ್ಮಾವ್ರು ಎಲ್ಲರಿಗೂ ಕೈತುಂಬ ಚರ್ಪಿನ ತಿಂಡಿ ಕೊಟ್ಟರು, ವೈಫೈ ಪಾಸ್‌ವರ್ಡ್ ಮಾತ್ರ ಕೊಡಲಿಲ್ಲ.