ಪೂಲ್ ಗಾತ್ರದ ದಾನಶೂರರಿಗೆ ಒಂದು ಬಹಿರಂಗ ಪತ್ರ

ಇವರಿಗೆ: ಕನೆಕ್ಷನ್ ಪೂಲ್‌ನ ಗಾತ್ರವನ್ನು ಏರಿಸುವುದೇ ಸಕಲ ರೋಗಗಳಿಗೂ ರಾಮಬಾಣವೆಂದು ನಂಬಿರುವ ಮಾನ್ಯ ತಾಂತ್ರಿಕ ಮುಖ್ಯಸ್ಥರು

ವಿಷಯ: ಗರಿಷ್ಠ ಪೂಲ್ ಗಾತ್ರವನ್ನು 50ರಿಂದ 500ಕ್ಕೆ ಏರಿಸಿದ ಔದಾರ್ಯವನ್ನು ಅಭಿನಂದಿಸುವ ಕುರಿತು

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅಪ್ಲಿಕೇಶನ್ ನಿಧಾನವಾದಾಗಲೆಲ್ಲ ಕಾರಣ ಹುಡುಕುವ ಅಲ್ಪರ ಹಾದಿಯನ್ನು ತುಳಿಯದೆ, ಕಾನ್ಫಿಗರೇಶನ್ ಕಡತದ ಒಂದು ಸಂಖ್ಯೆಯ ಬಲಕ್ಕೆ ಸೊನ್ನೆಯೊಂದನ್ನು ಸೇರಿಸಿ ಕೈತೊಳೆದುಕೊಂಡ ಮಾನ್ಯರ ಕ್ರಮವು ತಂತ್ರಾಂಶ ಲೋಕದಲ್ಲಿ ಬಹುಕಾಲದಿಂದ ಮನ್ನಣೆ ಪಡೆದಿರುವ ಸಂಪ್ರದಾಯಕ್ಕೆ ಸೇರಿದ್ದಾಗಿದೆ. ಸೊನ್ನೆಯನ್ನು ಜಗತ್ತಿಗೆ ಕೊಟ್ಟೆವೆಂದು ಹೆಮ್ಮೆಪಡುವ ನಾಡಿನಲ್ಲಿ ಅದನ್ನು ಇಷ್ಟು ಧಾರಾಳವಾಗಿ ಬಳಸುವುದು ಸಹಜವೇ ಸರಿ. ಆದರೂ ಆ ಸಂಖ್ಯೆ ಯಾವುದನ್ನು ನಿಯಂತ್ರಿಸುತ್ತದೆ ಎಂಬ ವಿವರವು ಕಾರ್ಯಬಾಹುಳ್ಯದಲ್ಲಿ ಮಾನ್ಯರ ಗಮನದಿಂದ ಜಾರಿರಬಹುದಾದ ಕಾರಣ, ಅದನ್ನು ಇಲ್ಲಿ ನಿವೇದಿಸಲಾಗಿದೆ.

ಅಪ್ಲಿಕೇಶನ್ ಒಂದು ಡೇಟಾಬೇಸಿನೊಡನೆ ಮಾತನಾಡಲು ಬಳಸುವ ಜೀವಂತ ಸಂಪರ್ಕವೇ ಕನೆಕ್ಷನ್. ಇದನ್ನು ಹೊಸದಾಗಿ ಸ್ಥಾಪಿಸಬೇಕಾದರೆ ಮೊದಲು ಎರಡು ಯಂತ್ರಗಳ ನಡುವೆ ಜಾಲದ ಮೂಲಕ ಮೂರು ಹಂತದ ಪರಸ್ಪರ ಸಂದೇಶ ವಿನಿಮಯ ನಡೆಯಬೇಕು, ಸಂವಾದವು ಗೂಢಲಿಪಿಯಲ್ಲಿ ಸಾಗಬೇಕಾಗಿದ್ದರೆ ಕೀಲಿಗಳ ಒಪ್ಪಂದವಾಗಬೇಕು, ಬಳಿಕ ಪಾಸ್‌ವರ್ಡ್ ಪರಿಶೀಲನೆಯಾಗಬೇಕು. ಪೋಸ್ಟ್‌ಗ್ರೆಸ್‌ನಂತಹ ಡೇಟಾಬೇಸಿನಲ್ಲಂತೂ ಪ್ರತಿ ಕನೆಕ್ಷನ್‌ಗೂ ಆಪರೇಟಿಂಗ್ ಸಿಸ್ಟಮ್ ಮಟ್ಟದ ಪ್ರತ್ಯೇಕ ಪ್ರೊಸೆಸ್, ಅಂದರೆ ತನ್ನದೇ ಮೆಮೊರಿ ಹೊಂದಿ ಓಡುವ ಕಾರ್ಯಘಟಕವೊಂದು ಹುಟ್ಟಬೇಕು. ಮೈಎಸ್‌ಕ್ಯುಎಲ್ ಪ್ರೊಸೆಸ್ಸಿನ ಬದಲು ಹಗುರವಾದ ಥ್ರೆಡ್ ಒಂದನ್ನು ಕೊಡುತ್ತದೆಯಾದರೂ ಉಳಿದ ವಿಧಿವಿಧಾನಗಳು ಅಲ್ಲಿಯೂ ತಪ್ಪುವುದಿಲ್ಲ. ಒಂದೆರಡು ಮಿಲಿಸೆಕೆಂಡುಗಳಲ್ಲಿ ಮುಗಿಯುವ ಪ್ರಶ್ನೆಗಾಗಿ ಇಷ್ಟೆಲ್ಲವನ್ನು ಪ್ರತಿ ಬಾರಿಯೂ ನಡೆಸುವುದು ದುಬಾರಿಯಾದ್ದರಿಂದ, ಕೆಲವು ಕನೆಕ್ಷನ್‌ಗಳನ್ನು ತೆರೆದೇ ಇಟ್ಟುಕೊಂಡು, ಬೇಕಾದವರಿಗೆ ಎರವಲು ಕೊಟ್ಟು, ಕೆಲಸವಾದ ಮೇಲೆ ಮರಳಿ ಪಡೆಯುವ ವ್ಯವಸ್ಥೆಯೊಂದು ರೂಪುಗೊಂಡಿತು. ಅದುವೇ ಕನೆಕ್ಷನ್ ಪೂಲ್. ಪ್ರೋಗ್ರಾಮರ್ ಕನೆಕ್ಷನ್ ಮುಚ್ಚುವಂತೆ ಆಜ್ಞಾಪಿಸಿದರೂ ಪೂಲ್ ಅದನ್ನು ನಿಜವಾಗಿ ಮುಚ್ಚದೆ, ಮುಂದಿನವರಿಗೆಂದು ಎತ್ತಿಡುತ್ತದೆ.

ಪುನರ್ಬಳಕೆಯ ಈ ಪಾಠ ಮಾನ್ಯರಿಗೆ ಕರತಲಾಮಲಕವೆಂಬುದರಲ್ಲಿ ಸಂಶಯವಿಲ್ಲ. ಪೂಲ್‌ಗೆ ಇನ್ನೊಂದು ಕೆಲಸವೂ ಇದೆ, ಮತ್ತು ಮಾನ್ಯರು ಸೊನ್ನೆಯಿಂದ ಅಳಿಸಿಹಾಕಿರುವುದು ಅದನ್ನೇ: ಪೂಲ್ ಬಾಗಿಲು ಕಾಯುತ್ತದೆ. ಎಲ್ಲ ಕನೆಕ್ಷನ್‌ಗಳೂ ಬಳಕೆಯಲ್ಲಿರುವಾಗ ಬಂದ ವಿನಂತಿಯನ್ನು ಅದು ಅಪ್ಲಿಕೇಶನ್ನಿನ ಅಂಗಳದಲ್ಲೇ ಸರದಿಯಲ್ಲಿ ನಿಲ್ಲಿಸುತ್ತದೆ. ಅಲ್ಲಿ ಕಾಯುವುದಕ್ಕೆ ಹೆಚ್ಚಿನ ಖರ್ಚಿಲ್ಲ. 2018ರಲ್ಲಿ ಬಂದ 2.0 ಆವೃತ್ತಿಯಿಂದ ಜಾವಾ ಲೋಕದ ಸ್ಪ್ರಿಂಗ್ ಬೂಟ್ ಎಂಬ ಚೌಕಟ್ಟಿನ ರೂಢಿಯ ಆಯ್ಕೆಯಾಗಿರುವ ಹಿಕಾರಿಸಿಪಿ ಎಂಬ ಪೂಲ್, ಬೇರೆ ಸೂಚನೆಯಿಲ್ಲದಿದ್ದರೆ, ಕೇವಲ 10 ಕನೆಕ್ಷನ್‌ಗಳಿಗೆ ತೃಪ್ತಿಪಟ್ಟು, ಸರದಿಯಲ್ಲಿರುವವರನ್ನು 30 ಸೆಕೆಂಡುಗಳವರೆಗೆ ಕಾಯಿಸಿ, ಆಮೇಲೆ ದೋಷ ವರದಿಯೊಂದಿಗೆ ಹಿಂದಕ್ಕೆ ಕಳುಹಿಸುತ್ತದೆ. ಈ ಹತ್ತನ್ನು ಮಾನ್ಯರು ಜಿಪುಣತನವೆಂದು ಬಗೆದದ್ದು ಸ್ಪಷ್ಟವಾಗಿದೆ.

ಮಾನ್ಯರ ಡೇಟಾಬೇಸ್ ಸರ್ವರಿನಲ್ಲಿರುವುದು ಎಂಟು ಕೋರ್‌ಗಳು, ಅಂದರೆ ಒಂದು ಕ್ಷಣದಲ್ಲಿ ನಿಜವಾಗಿ ಲೆಕ್ಕ ಮಾಡಬಲ್ಲ ಎಂಟು ಘಟಕಗಳು. ಪೋಸ್ಟ್‌ಗ್ರೆಸ್ ಬಳಗದಲ್ಲಿ ಹುಟ್ಟಿ ಹಿಕಾರಿಸಿಪಿಯ ಕೈಪಿಡಿಯ ಮೂಲಕ ಪ್ರಸಿದ್ಧವಾದ ಸೂತ್ರವೊಂದರಂತೆ, ಕೋರ್‌ಗಳ ಸಂಖ್ಯೆಯ ಎರಡರಷ್ಟಕ್ಕೆ ಡಿಸ್ಕುಗಳ ಸಂಖ್ಯೆಯನ್ನು ಕೂಡಿದರೆ ಪ್ರಯೋಗವನ್ನು ಆರಂಭಿಸಲು ತಕ್ಕ ಪೂಲ್ ಗಾತ್ರ ದೊರೆಯುತ್ತದೆ. ಎಂಟು ಕೋರ್, ಒಂದು ಡಿಸ್ಕ್ ಇದ್ದಲ್ಲಿ ಅದು 17. ಉಳಿದ 483 ಕನೆಕ್ಷನ್‌ಗಳೂ ಏಕಕಾಲಕ್ಕೆ ಪ್ರಶ್ನೆಗಳನ್ನು ಹೊತ್ತು ಒಳನುಗ್ಗಿದಾಗ, ಆಪರೇಟಿಂಗ್ ಸಿಸ್ಟಮ್ ಒಂದರ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಇನ್ನೊಂದನ್ನು ಕೈಗೆತ್ತಿಕೊಳ್ಳುವ ಅದಲುಬದಲಿನಲ್ಲೇ ಬಳಲುತ್ತದೆ, ಒಂದೇ ಸಾಲಿನ ದತ್ತಾಂಶಕ್ಕೆ ಹಲವರು ಬೀಗ ಹಾಕಲು ಹೊಂಚುತ್ತಾರೆ, ಒಬ್ಬನಿಗಾಗಿ ವೇಗದ ತಾತ್ಕಾಲಿಕ ಸಂಗ್ರಹವಾದ ಕ್ಯಾಶೆಗೆ ತಂದಿಟ್ಟದ್ದನ್ನು ಇನ್ನೊಬ್ಬನ ಅಗತ್ಯ ಹೊರದೂಡುತ್ತದೆ. ಮದುವೆಮನೆಯಲ್ಲಿ ನಾಲ್ಕೇ ಜನ ಬಡಿಸುವವರಿದ್ದಾಗ, ಪಂಕ್ತಿಯ ಕ್ರಮವನ್ನು ಮುರಿದು ಸಾವಿರ ಎಲೆಗಳನ್ನು ಒಟ್ಟಿಗೆ ಹಾಕಿಸಿದ ಯಜಮಾನರ ಔದಾರ್ಯವೂ ಇಂಥದ್ದೇ: ಎಲ್ಲರಿಗೂ ಜಾಗ ಸಿಕ್ಕಿರುತ್ತದೆ, ಎಲ್ಲರ ಎಲೆಯ ಮೇಲೂ ಉಪ್ಪು, ಉಪ್ಪಿನಕಾಯಿ ಮಾತ್ರ ಇರುತ್ತದೆ. ಒರಾಕಲ್ ಸಂಸ್ಥೆಯ ಕಾರ್ಯಕ್ಷಮತಾ ತಂಡವು ವಿಡಿಯೊದಲ್ಲಿ ತೋರಿಸಿದ ಪ್ರಯೋಗವೊಂದರಲ್ಲಿ, ಬೇರೇನನ್ನೂ ಬದಲಿಸದೆ ಪೂಲ್ ಗಾತ್ರವನ್ನು 2048ರಿಂದ ಹಂತಹಂತವಾಗಿ 96ಕ್ಕೆ ಇಳಿಸಿದಾಗ, ಸುಮಾರು 100 ಮಿಲಿಸೆಕೆಂಡಿನಷ್ಟಿದ್ದ ಪ್ರತಿಕ್ರಿಯಾ ಸಮಯ ಸುಮಾರು 2 ಮಿಲಿಸೆಕೆಂಡಿಗೆ ಬಂದಿತು. ಇಳಿಸುವುದರಿಂದ ವೇಗ ಹೆಚ್ಚುತ್ತದೆಂಬ ಇಂತಹ ನಾಸ್ತಿಕ ವಾದವು ಮಾನ್ಯರ ಶ್ರದ್ಧೆಯನ್ನು ಕದಲಿಸದೆಂಬ ಭರವಸೆಯಿದೆ.

ಗಣಿತವೂ ಮಾನ್ಯರ ಪರವಾಗಿಲ್ಲ. ಜಾನ್ ಲಿಟಲ್ 1961ರಲ್ಲಿ ಸಾಧಿಸಿಕೊಟ್ಟ ನಿಯಮದ ಪ್ರಕಾರ, ಒಂದು ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಮಂದಿ ಇರುತ್ತಾರೆಂಬುದು, ಅವರು ಬರುವ ದರವನ್ನು ಒಬ್ಬೊಬ್ಬರು ಒಳಗೆ ಕಳೆಯುವ ಸಮಯದಿಂದ ಗುಣಿಸಿದಷ್ಟಾಗಿರುತ್ತದೆ. ಸೆಕೆಂಡಿಗೆ 1000 ಪ್ರಶ್ನೆಗಳು ಬಂದು, ಪ್ರತಿಯೊಂದೂ 5 ಮಿಲಿಸೆಕೆಂಡು ತೆಗೆದುಕೊಂಡರೆ, ಸರಾಸರಿ ಬಳಕೆಯಲ್ಲಿರುವ ಕನೆಕ್ಷನ್‌ಗಳು ಐದೇ ಐದು. ಅದೇ ದಟ್ಟಣೆಗೆ 500 ಬೇಕೇ ಬೇಕೆಂದಾದರೆ ಪ್ರತಿ ಪ್ರಶ್ನೆಯೂ ಅರ್ಧ ಸೆಕೆಂಡು ನುಂಗುತ್ತಿದೆಯೆಂದು ಅರ್ಥ. ಆಗ ಬೇಕಾಗಿರುವುದು ಕೋಟಿ ಸಾಲುಗಳ ಕೋಷ್ಟಕಕ್ಕೆ ಒಂದು ಇಂಡೆಕ್ಸ್, ಎಂದರೆ ಬೇಕಾದ ಸಾಲನ್ನು ನೇರವಾಗಿ ತಲುಪಿಸುವ ಸೂಚಿ.

ಇದಕ್ಕಿಂತಲೂ ಸೂಕ್ಷ್ಮವಾದ ವಿಚಾರ ಲೀಕ್‌ನದು. ಪೂಲ್‌ನಿಂದ ಎರವಲು ಪಡೆದ ಕನೆಕ್ಷನ್ ಅನ್ನು, ನಡುವೆ ದೋಷವೊಂದು ಎದುರಾದಾಗ, ಹಿಂದಿರುಗಿಸದೆ ಮರೆತುಬಿಡುವುದನ್ನು ಲೀಕ್ ಎನ್ನುತ್ತಾರೆ. ಯಾವ ದಾರಿಯಿಂದ ಹೊರಬಿದ್ದರೂ ತಾನಾಗಿ ಹಿಂದಿರುಗಿಸುವ ವಾಕ್ಯರಚನೆ ಜಾವಾದಲ್ಲಿ 2011ರ 7ನೇ ಆವೃತ್ತಿಯಿಂದಲೇ ಇದ್ದರೂ, ಅದನ್ನು ಬಳಸಬೇಕೆಂಬ ಕಾನೂನೇನೂ ಇಲ್ಲ. ಎರವಲು ಹೋದದ್ದು ನಿಗದಿತ ಸಮಯದಲ್ಲಿ ಬಾರದಿದ್ದರೆ ಎಚ್ಚರಿಸುವ ಸೌಲಭ್ಯ ಹಿಕಾರಿಸಿಪಿಯಲ್ಲಿದೆಯಾದರೂ, ಯಾರಾದರೂ ಆನ್ ಮಾಡುವವರೆಗೆ ಅದು ಮಲಗಿರುತ್ತದೆ. ಇದರ ಸೋದರ ಸಂಬಂಧಿಯೆಂದರೆ, ಟ್ರಾನ್ಸಾಕ್ಷನ್ ಒಂದನ್ನು, ಅಂದರೆ ಪೂರ್ತಿ ನಡೆಯಬೇಕಾದ ಇಲ್ಲವೇ ಪೂರ್ತಿ ರದ್ದಾಗಬೇಕಾದ ಕಾರ್ಯಸಮೂಹವನ್ನು ತೆರೆದಿಟ್ಟುಕೊಂಡೇ, ಇಮೇಲ್ ಕಳುಹಿಸಲೋ ಹಣ ಪಾವತಿಯ ಹೊರಸೇವೆಯನ್ನು ಕರೆಯಲೋ ಹೋಗಿ, ಅಲ್ಲಿಂದ ಉತ್ತರ ಬರುವವರೆಗೆ ಕನೆಕ್ಷನ್ ಅನ್ನು ಕಂಕುಳಲ್ಲಿ ಇರುಕಿಕೊಂಡು ಕೂರುವ ಅಭ್ಯಾಸ. ಗಾತ್ರ ಏರಿಸಿದ ಮಾತ್ರಕ್ಕೆ ಇವೆರಡೂ ವಾಸಿಯಾಗುವುದಿಲ್ಲ. ಸಂಜೆ ಐದಕ್ಕೆ ಬರಿದಾಗುತ್ತಿದ್ದ ಪೂಲ್ ನಡುರಾತ್ರಿ ಮೂರಕ್ಕೆ ಬರಿದಾಗುತ್ತದೆ. ಆ ಹೊತ್ತಿನಲ್ಲಿ ಕರೆ ಸ್ವೀಕರಿಸುವವರು ಮಾನ್ಯರಲ್ಲವಾದ್ದರಿಂದ ಈ ಮುಂದೂಡಿಕೆಯನ್ನು ಪರಿಹಾರವೆಂದು ಪರಿಗಣಿಸಿರುವುದರಲ್ಲಿ ಆಡಳಿತಾತ್ಮಕ ಜಾಣ್ಮೆಯಿದೆ.

ಪೂಲ್ ಎಂಬುದು ಅಪ್ಲಿಕೇಶನ್ನಿನ ಪ್ರತಿಯೊಂದು ನಕಲಿಗೂ ಪ್ರತ್ಯೇಕವೆಂಬ ಅಂಶವನ್ನೂ ಇಲ್ಲಿ ಸ್ಮರಿಸಬೇಕು. ಇಪ್ಪತ್ತು ನಕಲುಗಳು ಓಡುತ್ತಿದ್ದರೆ ಹತ್ತರ ಪೂಲ್ ಕೂಡ 200 ಆಗುತ್ತದೆ, ಐನೂರರದು 10,000. ಪೋಸ್ಟ್‌ಗ್ರೆಸ್ ರೂಢಿಯಂತೆ ಒಪ್ಪುವುದು 100 ಕನೆಕ್ಷನ್‌ಗಳನ್ನು, ಅದರಲ್ಲೂ ಮೂರನ್ನು ಮೇಲ್ವಿಚಾರಕರಿಗೆಂದು ಕಾದಿರಿಸುತ್ತದೆ. ಮೈಎಸ್‌ಕ್ಯುಎಲ್‌ನ ರೂಢಿಯ ಮಿತಿ 151. ಮಿತಿ ಮೀರಿದಾಗ ಪೋಸ್ಟ್‌ಗ್ರೆಸ್ ಮೊದಲು ಕ್ಷಮೆ ಕೇಳಿ ಆಮೇಲೆ ನಿರಾಕರಿಸುವುದರಿಂದ, ಕಚೇರಿಗಳ ಕಿಟಕಿಗಳಲ್ಲೂ ದುರ್ಲಭವಾದ ಸೌಜನ್ಯವನ್ನು ಅದರಲ್ಲಿ ಕಾಣಬಹುದು. ಮಾನ್ಯರು ಆ ಸೌಜನ್ಯಕ್ಕೂ ಅವಕಾಶ ಕೊಡದೆ, ಡೇಟಾಬೇಸಿನ ಮಿತಿಯನ್ನೂ ಏರಿಸಿ, ಅದಕ್ಕಾಗಿ ಸರ್ವರನ್ನು ಮರುಚಾಲನೆ ಮಾಡಿಸಿದ್ದಾರೆ. ಜೊತೆಗೆ, ವೇಗ ಕುಸಿದಾಗ ನಕಲುಗಳು ತಾವಾಗಿ ಹೆಚ್ಚುವ ಏರ್ಪಾಡೂ ಇರುವುದರಿಂದ, ನಿಧಾನವಾದಷ್ಟೂ ಕನೆಕ್ಷನ್‌ಗಳು ಹೆಚ್ಚಿ, ಕನೆಕ್ಷನ್‌ಗಳು ಹೆಚ್ಚಿದಷ್ಟೂ ನಿಧಾನವಾಗುವ ಸ್ವಾವಲಂಬಿ ಯಂತ್ರವೊಂದು ಸಿದ್ಧವಾಗಿದೆ. ಇಂತಹ ಸಂದರ್ಭಕ್ಕೆಂದೇ ಸ್ಕೈಪ್ ಸಂಸ್ಥೆಯಲ್ಲಿ ಹುಟ್ಟಿದ ಪಿಜಿಬೌನ್ಸರ್ ಎಂಬ ಮಧ್ಯವರ್ತಿ ತಂತ್ರಾಂಶವು, ಸಾವಿರಾರು ಅರ್ಜಿದಾರರನ್ನು ಹೊರಗೆ ನಿಲ್ಲಿಸಿಕೊಂಡು, ಒಂದೊಂದು ಟ್ರಾನ್ಸಾಕ್ಷನ್ನಿನ ಅವಧಿಗೆ ಮಾತ್ರ ನಿಜವಾದ ಕನೆಕ್ಷನ್ ಒದಗಿಸಬಲ್ಲದು; ಆದರೆ ಆ ವಿಧಾನದಲ್ಲಿ ಒಂದು ಕನೆಕ್ಷನ್‌ಗೆ ಅಂಟಿಸಿದ ತಾತ್ಕಾಲಿಕ ಹೊಂದಾಣಿಕೆಗಳು ಮುಂದಿನ ಬಾರಿಗೆ ಉಳಿದಿರುತ್ತವೆಂದು ನಂಬುವಂತಿಲ್ಲ.

ಗಾತ್ರ ಏರಿಸುವುದು ನ್ಯಾಯವಾಗುವ ಒಂದು ಪ್ರಸಂಗವನ್ನು ಮರೆಮಾಚುವುದು ಸಲ್ಲದು. ಒಂದೊಂದು ಥ್ರೆಡ್ಡಿಗೂ ಏಕಕಾಲಕ್ಕೆ ಎರಡು ಕನೆಕ್ಷನ್ ಬೇಕಾಗಿ, ಹತ್ತು ಥ್ರೆಡ್ಡುಗಳು ಹತ್ತನ್ನೂ ಹಿಡಿದು ಎರಡನೆಯದಕ್ಕಾಗಿ ಪರಸ್ಪರ ಮುಖ ನೋಡುತ್ತ ನಿಂತರೆ ಯಾರೂ ಮುಂದೆ ಸಾಗಲಾರರು. ಈ ಬಿಕ್ಕಟ್ಟನ್ನು ಬಿಡಿಸಲು ಕನಿಷ್ಠ ಬೇಕಾದದ್ದು ಹನ್ನೊಂದನೆಯ ಕನೆಕ್ಷನ್. ಐನೂರನೆಯದಲ್ಲ.

ಆದಕಾರಣ, ಮುಂದಿನ ಸೊನ್ನೆಯನ್ನು ಮಂಜೂರು ಮಾಡುವ ಮೊದಲು, ಡೇಟಾಬೇಸಿನಲ್ಲಿ ಈ ಕ್ಷಣ ಎಷ್ಟು ಕನೆಕ್ಷನ್‌ಗಳು ಕೆಲಸ ಮಾಡುತ್ತಿವೆ, ಎಷ್ಟು ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿವೆ ಎಂಬುದನ್ನು ಪೋಸ್ಟ್‌ಗ್ರೆಸ್‌ನ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಎಂಬ ನೋಟದಲ್ಲಿ ಒಮ್ಮೆ ಅವಲೋಕಿಸಬೇಕೆಂದೂ, ಐನೂರನ್ನು ಇಪ್ಪತ್ತಕ್ಕೆ ಇಳಿಸಿ, ನೈಜ ದಟ್ಟಣೆಯಷ್ಟೇ ಹೊರೆಯನ್ನು ಪರೀಕ್ಷಾ ಸರ್ವರಿನ ಮೇಲೆ ಹಾಕಿ, ಒಂದೇ ಒಂದು ಬಾರಿ ಅಳೆದು ನೋಡಬೇಕೆಂದೂ ಪ್ರಾರ್ಥಿಸಲಾಗಿದೆ. ಅಳತೆಯ ಫಲಿತಾಂಶ ಏರಿಕೆಯ ಪರವಾಗಿಯೇ ಬಂದರೆ ಈ ಪತ್ರವನ್ನು ಕಡತದಿಂದ ತೆಗೆದುಹಾಕಲು ಯಾವ ಆಕ್ಷೇಪವೂ ಇರುವುದಿಲ್ಲ.

ಇತಿ,
ಡೇಟಾಬೇಸ್ ಸರ್ವರಿನ ಎಂಟು ಕೋರ್‌ಗಳ ಪರವಾಗಿ