ಫಾರ್ಮ್ಯಾಟ್ ಮಾಡ್ಬುಡಾಣ ಬಿಡಣ್ಣ

ದೊಡ್ಡಬಳ್ಳಾಪುರದಲ್ಲಿ ಯಾರ ಮೊಬೈಲ್ ತೆರೆದರೂ ಇವನ ಸ್ವಂತ ಹೆಸರು ಸಿಗುವುದಿಲ್ಲ. 'ಸಿಸ್ಟಮ್ ಹುಡುಗ', 'ಕಂಪ್ಯೂಟರ್ ಡಿ ಕ್ರಾಸ್', 'ಪ್ರಿಂಟರ್ ರಿಪೇರಿ 2' ಹೀಗೆ ಸೇವ್ ಆಗಿರುತ್ತಾನೆ. ಒಂದನೆಯ ನಂಬರಿಗೆ ಅಡ್ವಾನ್ಸ್ ಕೊಟ್ಟವರ ಕಾಟ ಹೆಚ್ಚಾಗಿ ಅದು ಸ್ವಿಚ್ ಆಫ್ ಆಗಿದೆ. ಹುಡುಗ ಎನ್ನುತ್ತೇವೆಯೇ ಹೊರತು ಮಗಳು ಮೂರನೇ ಕ್ಲಾಸು. ಬೆನ್ನಿಗೆ ಯಾವುದೋ ಕಂಪನಿ ಪುಕ್ಕಟೆ ಕೊಟ್ಟ ಬ್ಯಾಗು, ಬೈಕಿನ ಕೀ ಗೊಂಚಲಲ್ಲಿ ಕೀಗಿಂತ ಪೆನ್ ಡ್ರೈವೇ ಜಾಸ್ತಿ. ಫೋನ್ ಮಾಡಿದರೆ 'ಬಂದೆ ಅಣ್ಣ, ಬಸ್ ಸ್ಟ್ಯಾಂಡ್ ಹತ್ರಾನೇ ಇದೀನಿ' ಅನ್ನುತ್ತಾನೆ. ಸುಳ್ಳಲ್ಲ. ಆದರೆ ಅದು ದೇವನಹಳ್ಳಿ ಬಸ್ ಸ್ಟ್ಯಾಂಡೂ ಆಗಿರಬಹುದು, ನೆಲಮಂಗಲದ್ದೂ ಆಗಿರಬಹುದು.

ಅವನ ವೈದ್ಯ ಶುರುವಾಗುವುದು ರಬ್ಬರಿನಿಂದ. ಸಿಪಿಯು ಪಕ್ಕದ ತಗಡು ಬಿಚ್ಚಿ, ಒಮ್ಮೆ ಉಫ್ ಎಂದು ಊದಿ, ಎದ್ದ ಧೂಳನ್ನು ತಾನೇ ಕುಡಿದು, ರ‍್ಯಾಮ್ ಕೀಳುತ್ತಾನೆ. ಮನೆಯ ಮಗುವಿನ ಪೆನ್ಸಿಲ್ ಬಾಕ್ಸಿನಿಂದ ರಬ್ಬರು ತರಿಸಿ, ಆ ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಒಂದೇ ದಿಕ್ಕಿಗೆ ಉಜ್ಜುತ್ತಾನೆ. ನಗಬೇಡಿ, ಎಷ್ಟೋ ಸಲ ಇದರಿಂದಲೇ ಸರಿಹೋಗುತ್ತದೆ. ಅಂಚಿಗೆ ಕೊಳೆ ಹಿಡಿದರೆ ಸಂಪರ್ಕ ತಪ್ಪುತ್ತದೆ, ಉಜ್ಜಿದರೆ ಬರುತ್ತದೆ. ತಕರಾರು ಇಷ್ಟೇ: ಪ್ರಿಂಟರಿನಲ್ಲಿ ಇಂಕು ಮುಗಿದಿದ್ದರೂ ಅವನು ರ‍್ಯಾಮನ್ನೇ ಉಜ್ಜುತ್ತಾನೆ. ಅದಕ್ಕೂ ಜಗ್ಗದಿದ್ದರೆ ಬ್ರಹ್ಮಾಸ್ತ್ರ: 'ಸಾಫ್ಟ್‌ವೇರ್ ಕರಪ್ಟ್ ಆಗೈತೆ. ಫಾರ್ಮ್ಯಾಟ್ ಮಾಡ್ಬುಡಾಣ ಬಿಡಣ್ಣ.'

ಇವನಿಗೆ ಬೇರೇನೂ ಬರುವುದಿಲ್ಲ, ಅದಕ್ಕೇ ಎಲ್ಲದಕ್ಕೂ ಫಾರ್ಮ್ಯಾಟ್ ಅನ್ನುತ್ತಾನೆ ಎಂದು ಸೈಬರ್ ಸೆಂಟರಿನವರು ಆಡಿಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಕೆಲವು ಸಂಗತಿ ಅವನಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ಬಂದದ್ದನ್ನು ಬೇಗ ಮಾಡಿ ಮುಗಿಸಿದರೆ ನಮ್ಮ ಜನ ಕಾಸು ಬಿಚ್ಚುವುದಿಲ್ಲ, ಅದೂ ಅವನಿಗೆ ಗೊತ್ತು. ಫಾರ್ಮ್ಯಾಟ್ ಅಂದರೆ ಅರ್ಧ ದಿನ. ಪರದೆಯ ಮೇಲೆ ಪರ್ಸೆಂಟೇಜು ತೆವಳುತ್ತಿರುತ್ತದೆ, ಎರಡು ಸಲ ಕಾಫಿ ಬರುತ್ತದೆ, ಯಜಮಾನರು ಬಂದು ಬಂದು ನೋಡಿ ಹೋಗುತ್ತಾರೆ. ಕೆಲಸ ಕಣ್ಣಿಗೆ ಕಾಣುತ್ತದೆ.

ಅವನ ಈ ಲೆಕ್ಕಾಚಾರ ಒಮ್ಮೆ ಕೈಕೊಟ್ಟಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಅದು ನಮ್ಮ ಬೀದಿಯ ಸೀರೆ ಮಗ್ಗದವರ ಡಿಸೈನ್ ರೂಮು. ಸೆರಗು, ಅಂಚು, ಬುಟ್ಟಾ ಎಲ್ಲವನ್ನೂ ಈಗ ಕಂಪ್ಯೂಟರಿನಲ್ಲೇ ಚೌಕ ಚೌಕವಾಗಿ ಬಿಡಿಸುತ್ತಾರೆ. ಅದರ ಪ್ರಕಾರ ರಟ್ಟಿನ ಕಾರ್ಡುಗಳಿಗೆ ತೂತು ಬಿದ್ದು ಮಗ್ಗದ ಮೇಲಿನ ಜಕಾರ್ಡಿಗೆ ಹೋಗುತ್ತವೆ. ಆ ಹಳೇ ಕಂಪ್ಯೂಟರಿನಲ್ಲಿ ಡಿಸೈನಿಗೆ ವಿಂಡೋಸ್ 10, ಪಕ್ಕದಲ್ಲಿ ಹುಡುಗನೇ ಹಿಂದೆಂದೋ ಹಾಕಿಕೊಟ್ಟ ಉಬುಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದೇ ತಡ, ನಮ್ಮ ಹುಡುಗನಿಗೆ ಸುಗ್ಗಿ. 'ಇನ್ನು ವೈರಸ್ ನುಗ್ತಾವಣ್ಣ. ಹನ್ನೊಂದು ಈ ಮೆಷೀನಿಗೆ ಹತ್ತಲ್ಲ, ಟಿಪಿಎಂ ಇಲ್ಲ. ಇಂಟರ್ನೆಟ್ಟಿಗೆಲ್ಲಾ ಉಬುಂಟು ಇಟ್ಕಳಿ, ಹೊಸದು ಹಾಕ್ಕೊಡ್ತೀನಿ' ಎಂದ. ಹಳೆ ಉಬುಂಟುವನ್ನು ಅಳಿಸಿ ಅದೇ ಜಾಗಕ್ಕೆ ಹೊಸದನ್ನು ತುಂಬಲು ಕೂತ. ಅರ್ಧ ದಾಟಿತ್ತು, ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ನಿಂತವು. ಯುಪಿಎಸ್ ಒಂದು ಸಲ ಕೀಂ ಎಂದು ಅದೂ ಮಲಗಿತು.

ಕರೆಂಟು ಬಂದ ಮೇಲೆ ಗುಂಡಿ ಒತ್ತಿದರೆ ವಿಂಡೋಸೋ ಉಬುಂಟುವೋ ಎಂದು ಕೇಳುವ ಮೆನು ಬರಲಿಲ್ಲ. ಕರೀ ಪರದೆ, ನಾರ್ಮಲ್ ಡಾಟ್ ಮಾಡ್ ಎಂಬ ಫೈಲು ಸಿಗಲಿಲ್ಲ ಎಂಬ ಒಂದು ಸಾಲು, ಅದರ ಕೆಳಗೆ 'ಗ್ರಬ್ ರೆಸ್ಕ್ಯೂ'.

ಯಜಮಾನರು ಹಣೆ ಹಣೆ ಚಚ್ಚಿಕೊಂಡರು. 'ಏನ್ ಮಾಡ್ಬುಟ್ಟೆ ಮಾರಾಯ! ದೀಪಾವಳಿ ಡಿಸೈನೆಲ್ಲ ಅದ್ರಲ್ಲೇ ಐತೆ. ನೋಡು, ನಮ್ಮ ಜಕಾರ್ಡು ಕರೆಂಟ್ ಹೋದ್ರೆ ಯಾವ ಕಾರ್ಡಿಗೆ ನಿಂತಿತ್ತೋ ಅಲ್ಲಿಂದ್ಲೇ ಎತ್ಕಳ್ತದೆ. ನಿನ್ ಲಕ್ಷ ರೂಪಾಯಿ ಮೆಷೀನ್‌ಗೆ ಅಷ್ಟೂ ಬುದ್ಧಿ ಇಲ್ವಾ?' 1804ರ ಹೊತ್ತಿಗೆ ಫ್ರಾನ್ಸಿನಲ್ಲಿ ರೂಪುಗೊಂಡ ಯಂತ್ರದ ಪರವಾಗಿ ದೊಡ್ಡಬಳ್ಳಾಪುರದಲ್ಲಿ ಇದಕ್ಕಿಂತ ಬಲವಾದ ವಾದ ಆಗಿರಲಾರದು. ತೂತಿನ ಕಾರ್ಡು ನೋಡಿಯೇ ಮುಂದೆ ಕಂಪ್ಯೂಟರಿನವರು ಪಾಠ ಕಲಿತದ್ದು ಎಂದು ನಾನು ಬಾಯಿ ಹಾಕಿದೆ. ಇಬ್ಬರೂ ನನ್ನನ್ನು ಕೆಕ್ಕರಿಸಿ ನೋಡಿದರು.

ಆಗಿದ್ದಿಷ್ಟು. ಇಂಥ ಹಳೇ ಕಂಪ್ಯೂಟರಿನಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟು ಜಾಗದಲ್ಲಿ ಎಬ್ಬಿಸುವ ಪ್ರೋಗ್ರಾಮು ಕೂತಿರುತ್ತದೆ. ಪಾರ್ಟಿಷನ್ನುಗಳ ಪಟ್ಟಿಗೆ 64, ಗುರುತಿಗೆ 2 ಹೋಗಿ ಅದಕ್ಕೆ ಉಳಿಯುವುದು 446 ಬೈಟು. ಅಷ್ಟರಲ್ಲಿ ಮೆನು ಎಲ್ಲಿ ಹಿಡಿಸಬೇಕು? ಹಾಗಾಗಿ ಗ್ರಬ್ ಎಂಬ ಆ ಪ್ರೋಗ್ರಾಮು ತನ್ನ ಸಾಮಾನಿನ ಬಹುಪಾಲನ್ನು ಉಬುಂಟು ಪಾರ್ಟಿಷನ್ನಿನ ಒಂದು ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಹುಡುಗ ಅಳಿಸಿದ್ದು ಅದನ್ನೇ. ಹೊಸ ಗ್ರಬ್ ಕೂರುವುದು ಇನ್‌ಸ್ಟಾಲಿನ ಕೊನೆಗೆ, ಕರೆಂಟು ಅಲ್ಲಿಯವರೆಗೆ ಉಳಿಯಲಿಲ್ಲ. ವಿಂಡೋಸೂ ದೀಪಾವಳಿ ಡಿಸೈನುಗಳೂ ತಮ್ಮ ಪಾರ್ಟಿಷನ್ನಿನಲ್ಲಿ ಕೂದಲೂ ಕೊಂಕದೆ ಇದ್ದವು, ಕರೆಯುವವರಿರಲಿಲ್ಲ, ಅಷ್ಟೇ.

ಹುಡುಗ ಮೊದಲು ರ‍್ಯಾಮ್ ಉಜ್ಜಿದ. ಆಮೇಲೆ 'ಹಾರ್ಡ್ ಡಿಸ್ಕೇ ಹೋಗಿರ್ಬೇಕು, ಎಸ್.ಪಿ. ರೋಡಿಂದ ತರ್ಬೇಕು' ಎಂದ. ಆಮೇಲೆ ತನ್ನ ಅಸ್ತ್ರ ಎತ್ತಲು ಬಾಯಿ ತೆರೆದ. 'ಫಾರ್ಮ್ಯಾಟ್ ಅಂದ್ರೆ ಇವತ್ತು ನೀನೂ ಇರಲ್ಲ, ನಾನೂ ಇರಲ್ಲ' ಎಂದರು ಯಜಮಾನರು. 'ಸಿಗ್ನಲ್ ಸಿಕ್ತಿಲ್ಲ' ಎಂದು ಅವನು ಎದ್ದು ಜಗಲಿಗೆ ಹೋದ. ಅಲ್ಲಿಂದ 'ಹಲೋ ಗಾಯ್ಸ್' ಎಂಬ ಹಿಂದಿ ದನಿ ಒಂದು ಕ್ಷಣ ಜೋರಾಗಿ ಕೇಳಿ, ಗಾಬರಿಯಲ್ಲಿ ತಗ್ಗಿತು.

ಒಳಗೆ ಬಂದವನ ಮುಖದಲ್ಲಿ ಕಳೆ ಇತ್ತು. ಗೊಂಚಲಿನಿಂದ ವಿಂಡೋಸ್ ಪೆನ್ ಡ್ರೈವ್ ಬಿಡಿಸಿ ಚುಚ್ಚಿ, ಎಫ್12 ಒತ್ತಿ ಅದರಿಂದಲೇ ಬೂಟ್ ಮಾಡಿದ. ಇನ್‌ಸ್ಟಾಲ್ ಒತ್ತದೆ ರಿಪೇರಿಗೆ ಹೋಗಿ, ಕಮಾಂಡ್ ಪ್ರಾಂಪ್ಟಿನಲ್ಲಿ ಒಂದೊಂದೇ ಬೆರಳಲ್ಲಿ 'ಬೂಟ್‌ರೆಕ್ ಸ್ಲ್ಯಾಶ್ ಫಿಕ್ಸ್‌ಎಂಬಿಆರ್' ಕುಟ್ಟಿದ. ಆ 446 ಬೈಟಿನಲ್ಲಿದ್ದ ಗ್ರಬ್ ಎದ್ದು ವಿಂಡೋಸಿನವನು ಕೂತ. ರೀಸ್ಟಾರ್ಟ್. ನೀಲಿ ಕಿಟಕಿ. ಡೆಸ್ಕ್‌ಟಾಪಿನ ಮೇಲೆ ನವಿಲಿನ ಸೆರಗು.

'ಐನೂರು ಅಣ್ಣ' ಎಂದ.

'ಐನೂರಾ? ಒಂದ್ ಸಾಲು ಟೈಪ್ ಮಾಡಿದ್ದಕ್ಕಾ? ಹೋದ್ಸಲ ಫಾರ್ಮ್ಯಾಟ್ ಮಾಡ್ದಾಗ ಮಧ್ಯಾಹ್ನದವರೆಗೂ ಕೂತಿದ್ದೆ, ಕೊಟ್ಟೆ. ಇದ್ಯಾವ ನ್ಯಾಯ?'

'ಅಣ್ಣ, ಡಿಸೈನೆಲ್ಲ ಉಳಿಸ್ಕೊಟ್ಟೆ.'

'ಕಳೀತಿದ್ದೋನೂ ನೀನೇ ಅಲ್ವೇನಪ್ಪ?'

ಮುನ್ನೂರಕ್ಕೆ ಇಳಿಯಿತು. ಉಬುಂಟು 'ಇನ್ನೊಂದಿನ ಬಂದು' ಹಾಕುವುದೆಂದಾಯಿತು. ಬ್ಯಾಗು ಏರಿಸುವಷ್ಟರಲ್ಲಿ ಒಳಗಿನಿಂದ ಅಮ್ಮನವರು ಮಿಕ್ಸಿ ಹಿಡಿದು ಬಂದರು: 'ಹಂಗೇ ಇದನ್ನೂ ನೋಡ್ಬುಡಪ್ಪ, ತಿರುಗ್ತಾನೇ ಇಲ್ಲ.' ಮಿಕ್ಸಿಯ ಅಡಿಯಲ್ಲಿ ಓವರ್‌ಲೋಡ್ ಆದಾಗ ಆಚೆ ಬರುವ ಕೆಂಪು ಗುಂಡಿಯೊಂದಿರುತ್ತದೆ, ಒತ್ತಿದರೆ ಮುಗಿಯಿತು. ಅವನ ಹೆಬ್ಬೆರಳು ಅಲ್ಲಿಯವರೆಗೆ ಹೋಗಿದ್ದನ್ನು ನಾನು ಕಂಡೆ. ಬೆರಳು ಹಿಂದಕ್ಕೆ ಬಂತು. ಸ್ಕ್ರೂಡ್ರೈವರ್ ತೆಗೆದು, ಪೇಪರ್ ಹಾಸಿ, ನಾಲ್ಕೂ ಸ್ಕ್ರೂ ಬಿಚ್ಚಿ, ಕಾಯಿಲ್ಲಿನ ಧೂಳು ಊದಿ, ಮುಕ್ಕಾಲು ಗಂಟೆ ಕೂತ. ನಾನೂರು ಕೇಳಿದ. ಅಮ್ಮನವರು ಚಕಾರವೆತ್ತದೆ ಕೊಟ್ಟರು, ಜೊತೆಗೆ ಒಂದು ಲೋಟ ಮಜ್ಜಿಗೆ.