ಹಂಡೆಗಿದ್ದ ಹಬ್ಬ ಗೀಸರಿಗಿಲ್ಲ

ಇವರಿಗೆ,
ಗ್ಯಾಸ್ ಗೀಸರ್ ಇಟ್ಟುಕೊಂಡಿರುವ ಸಮಸ್ತ ಯಜಮಾನರು, ಯಜಮಾನತಿಯರು ಮತ್ತು ಬಾಡಿಗೆದಾರರು

ವಿಷಯ: ಗ್ಯಾಸ್ ಗೀಸರಿನ ನಿರ್ವಹಣೆ ಹಾಗೂ ಶುಚಿತ್ವದ ಬಗ್ಗೆ
ಉಲ್ಲೇಖ: ಕೊಂಡ ದಿನವೇ ಕಳೆದುಹೋದ ಬಳಕೆಯ ಕೈಪಿಡಿ

ಮಾನ್ಯರೇ,

ಗ್ಯಾಸ್ ಗೀಸರ್ ಎಂಬುದು ಗೋಡೆಗೆ ನೇತುಹಾಕಿದ ತಗಡಿನ ಪೆಟ್ಟಿಗೆ. ನಲ್ಲಿ ತಿರುಗಿಸಿದರೆ ಹರಿಯುವ ನೀರು ಒಳಗಿನ ರಬ್ಬರ್ ಡಯಾಫ್ರಮ್ಮನ್ನು ಒತ್ತುತ್ತದೆ, ಅದು ಸ್ವಿಚ್ಚನ್ನು ತಟ್ಟುತ್ತದೆ, ಎರಡು ಬ್ಯಾಟರಿಗಳು ಟಕಟಕನೆ ಕಿಡಿ ಹಾರಿಸುತ್ತವೆ, ಗ್ಯಾಸ್ ವಾಲ್ವ್ ತೆರೆದು ಬರ್ನರ್ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಬೆಂಕಿಯ ಮೇಲಿನ ತಾಮ್ರದ ಕೊಳವೆಗಳಲ್ಲಿ ಹಾದುಬರುವಷ್ಟರಲ್ಲಿ ನೀರು ಕಾದಿರುತ್ತದೆ. ಅಜ್ಜಿಯ ಕಾಲದ ಬಚ್ಚಲೊಲೆಯನ್ನೂ ತಾಮ್ರದ ಹಂಡೆಯನ್ನೂ ಮಡಚಿ ಪೆಟ್ಟಿಗೆಯಲ್ಲಿ ತುಂಬಿದಂತೆ. ವ್ಯತ್ಯಾಸವೆಂದರೆ ಹಂಡೆಗೆ ವರ್ಷಕ್ಕೊಂದು ಹಬ್ಬವಿತ್ತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಒಲೆಯ ಬೂದಿ ಬಾಚಿ, ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಿದ್ದರು. ಅದಕ್ಕೆ ವಾರ್ಷಿಕ ಸರ್ವಿಸ್ ಎಂಬ ಹೆಸರಿರಲಿಲ್ಲ, ಅಷ್ಟೆ. ಗೀಸರಿಗೆ ಆಯುಧಪೂಜೆಯಂದು ಒಂದು ಕುಂಕುಮದ ಬೊಟ್ಟು ಸಿಗುತ್ತದೆ. ಮುಚ್ಚಳ ಮಾತ್ರ ತೆರೆಯುವುದಿಲ್ಲ.

ಯಜಮಾನರಲ್ಲಿ ಸದ್ಯ ರೂಢಿಯಲ್ಲಿರುವ ನಿರ್ವಹಣೆಗೆ ಮೂರು ಹಂತಗಳಿವೆ. ಮೊದಲನೆಯದು ನಲ್ಲಿಯನ್ನು ಮುಚ್ಚಿ ಮತ್ತೆ ತಿರುಗಿಸುವುದು. ಎರಡನೆಯದು ಪೆಟ್ಟಿಗೆಯ ಪಕ್ಕೆಗೆ ಅಂಗೈಯಲ್ಲಿ ಎರಡೇಟು ಹಾಕುವುದು. ಮೂರನೆಯದು ಮೈತುಂಬ ಸೋಪಿನ ನೊರೆಯೊಡನೆ ಒಳಗಿನಿಂದ ‘ಬ್ಯಾಟರಿ ಎಲ್ಲಿ?’ ಎಂದು ಕೂಗುವುದು. ಮನೆಯಲ್ಲಿರುವುದು ಟಿವಿ ರಿಮೋಟಿನ ಸಣ್ಣ ಬ್ಯಾಟರಿ, ಗೀಸರಿಗೆ ಬೇಕಾದದ್ದು ಟಾರ್ಚಿನ ದಪ್ಪ ಬ್ಯಾಟರಿ ಎಂಬ ಸಂಶೋಧನೆ ಪ್ರತಿಸಲವೂ ಹೊಸದಾಗಿ ನಡೆಯುತ್ತದೆ. ಕಿಡಿಯ ಸದ್ದು ನಿಧಾನವಾದಾಗಲೇ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಾಗೇ ಬಿಟ್ಟರೆ ಬ್ಯಾಟರಿ ಸೋರಿ, ಸ್ಪ್ರಿಂಗಿನ ಮೇಲೆ ಪುಡಿ ಹಿಡಿದು, ಹೊಸ ಬ್ಯಾಟರಿಯೂ ಹಳೆಯದರಂತೆ ಮೌನವ್ರತ ಹಿಡಿಯುತ್ತದೆ.

ನೀರು ಒಳಬರುವ ಕಡೆ, ಪೈಪಿನ ನಟ್ಟಿನ ಹಿಂದೆ, ನಾಣ್ಯದಷ್ಟು ಚಿಕ್ಕ ಜಾಲರಿಯೊಂದಿರುತ್ತದೆ. ಅದನ್ನು ಬಿಚ್ಚಿ ಅಂಗೈ ಮೇಲೆ ಕೊಡವಿದರೆ ಓವರ್‌ಹೆಡ್ ಟ್ಯಾಂಕಿನ ಸಮಗ್ರ ಚರಿತ್ರೆ ಉದುರುತ್ತದೆ: ಮರಳು, ತುಕ್ಕಿನ ಚಕ್ಕೆ, ಪಾಚಿಯ ಎಳೆ, ಪ್ಲಂಬರ್ ಬಿಟ್ಟುಹೋದ ಟೆಫ್ಲಾನ್ ಟೇಪಿನ ಚೂರು. ಜಾಲರಿ ಕಟ್ಟಿಕೊಂಡರೆ ನೀರಿಗೆ ಡಯಾಫ್ರಮ್ಮನ್ನು ಒತ್ತುವ ಶಕ್ತಿ ಉಳಿಯುವುದಿಲ್ಲ, ಗೀಸರ್ ಹೊತ್ತುವುದಿಲ್ಲ. ರೆಗ್ಯುಲೇಟರ್ ಮತ್ತು ನೀರಿನ ವಾಲ್ವ್ ಮುಚ್ಚಿ, ಹಳೆಯ ಟೂತ್‌ಬ್ರಷ್‌ನಿಂದ ಜಾಲರಿಯನ್ನು ತಿಕ್ಕಿ ಮತ್ತೆ ಕೂರಿಸಲು ಹೆಚ್ಚು ಹೊತ್ತು ಬೇಡ. ಹೊಸ ಗೀಸರ್ ಕೊಳ್ಳುವ ತೀರ್ಮಾನಕ್ಕೆ ಬರಲು ಯಜಮಾನರಿಗೆ ಅದಕ್ಕಿಂತಲೂ ಕಡಿಮೆ ಹೊತ್ತು ಸಾಕು.

ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಇನ್ನೊಂದು ಕಾಟವಿದೆ. ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣದ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೊಳವೆಯ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಈ ಪದರ ಶಾಖವನ್ನು ನೀರಿಗೆ ದಾಟಲು ಬಿಡುವುದಿಲ್ಲ. ನೀರಿನ ಧಾರೆ ಸಣ್ಣದಾಗುತ್ತದೆ, ಬಿಸಿ ತಗ್ಗುತ್ತದೆ, 14.2 ಕಿಲೋದ ಸಿಲಿಂಡರ್ ಬೇಗ ಮುಗಿಯುತ್ತದೆ. ಅಪವಾದ ಮಾತ್ರ ಅಡುಗೆಮನೆಯ ಮೇಲೆ ಬರುತ್ತದೆ. ಸುಣ್ಣ ಕರಗಿಸುವುದು ಹುಳಿಯ ಕೆಲಸ. ಮೆಕ್ಯಾನಿಕ್ ಕೊಳವೆಯೊಳಗೆ ಸಿಟ್ರಿಕ್ ಆಮ್ಲದ ದ್ರಾವಣ ಹಾಯಿಸಿ ತೊಳೆಯುತ್ತಾನೆ. ಹಂಡೆಗೆ ಹಚ್ಚುತ್ತಿದ್ದ ಹುಣಸೆಹಣ್ಣು ಕಲೆ ತೆಗೆಯುತ್ತಿದ್ದದ್ದೂ ಹುಳಿಯಿಂದಲೇ. ಕಕ್ಕಸು ತೊಳೆಯುವ ಆಸಿಡ್ ಸುರಿದರೆ ಸುಣ್ಣದ ಜತೆ ಲೋಹವನ್ನೂ ತಿಂದುಹಾಕುತ್ತದೆ.

ಬರ್ನರಿನ ಆರೋಗ್ಯವನ್ನು ಜ್ವಾಲೆಯ ಬಣ್ಣವೇ ಹೇಳುತ್ತದೆ. ನೀಲಿಯಾಗಿ, ಸ್ಥಿರವಾಗಿ ಉರಿದರೆ ಸರಿ. ಹಳದಿಯಾಗಿ ತುಯ್ದಾಡಿದರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ. ಧೂಳೋ ಜೇಡರ ಬಲೆಯೋ ದಾರಿ ಕಟ್ಟಿರಬಹುದು. ಹಳದಿ ಜ್ವಾಲೆಯ ಮಸಿ ಕೊಳವೆಗಳ ಸುತ್ತಲಿನ ತಾಮ್ರದ ರೆಕ್ಕೆಗಳ ನಡುವೆ ತುಂಬಿಕೊಂಡು ಹೊಗೆಯ ಹಾದಿಯನ್ನೂ ಮುಚ್ಚುತ್ತದೆ. ಈ ಭಾಗವನ್ನು ಬಿಚ್ಚುವುದು ತರಬೇತಿ ಪಡೆದ ಮೆಕ್ಯಾನಿಕ್‌ನ ಕೆಲಸ, ಎಲ್ಲ ಬಲ್ಲ ಭಾವಮೈದುನನದಲ್ಲ.

ಗ್ಯಾಸಿನ ಟ್ಯೂಬನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಅದಕ್ಕೂ ಮೊದಲೇ ಬಿರುಕು ಕಂಡರೆ ಆಗಲೇ. ಸೋರಿಕೆ ಹುಡುಕಲು ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಸಾಕು, ಸೋರುವಲ್ಲಿ ಗುಳ್ಳೆ ಏಳುತ್ತದೆ. ಬೆಂಕಿಕಡ್ಡಿ ಗೀರಿ ಹುಡುಕುವ ವಿಧಾನದಲ್ಲೂ ಸೋರಿಕೆ ಸಿಗುತ್ತದೆ, ಮನೆ ಸಿಗುವುದಿಲ್ಲ.

ಉಳಿದದ್ದು ಗಾಳಿ. ಹಲ್ಲಿ ಬರುತ್ತದೆಂದು ವೆಂಟಿಲೇಟರಿಗೆ ರಟ್ಟು ತುರುಕಿ, ಚಳಿಯೆಂದು ಬಾಗಿಲ ಸಂದಿಗೆ ಟವೆಲ್ ಒತ್ತಿ ಸ್ನಾನಕ್ಕಿಳಿಯುವುದು ಈ ನಾಡಿನ ಕ್ರಮ. ಮುಚ್ಚಿದ ಬಚ್ಚಲಲ್ಲಿ ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅಡುಗೆ ಅನಿಲ ಸೋರಿದರೆ ಮೂಗಿಗೆ ತಿಳಿಯಲೆಂದು ಅದಕ್ಕೆ ದುರ್ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಎಂಬ ಈ ವಿಷಾನಿಲಕ್ಕಾದರೋ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ಚಿಲಕ ತೆಗೆಯಲೂ ಆಗದ ಸ್ಥಿತಿ. ಆದ್ದರಿಂದ ಗೀಸರಿನ ಜಾಗ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ. ಒಳಗೆ ಬರಬೇಕಾದದ್ದು ಬಿಸಿನೀರಿನ ಪೈಪು ಮಾತ್ರ. ಅದಾಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆರೆದೇ ಸ್ನಾನ ಮಾಡುವುದು ಕನಿಷ್ಠ ಎಚ್ಚರಿಕೆ. ಹಳೆಯ ಬಚ್ಚಲಿಗೆ ಹೊಗೆಗೂಡು ಇದ್ದದ್ದು ಸುಮ್ಮನೆ ಅಲ್ಲ.

ಜಾಲರಿ ಎರಡು ಮೂರು ತಿಂಗಳಿಗೊಮ್ಮೆ, ಮೆಕ್ಯಾನಿಕ್ ವರ್ಷಕ್ಕೊಮ್ಮೆ. ದಿನ ನೆನಪಿರುವುದಿಲ್ಲ ಎನ್ನುವವರಿಗೆ ನೀರು ತುಂಬುವ ಹಬ್ಬ ಕ್ಯಾಲೆಂಡರಿನಲ್ಲಿ ಈಗಲೂ ಇದೆ. ಅನಿಲ ಸೋರಿಕೆಯ ತುರ್ತು ಸಂಖ್ಯೆ 1906.

ವಂದನೆಗಳೊಂದಿಗೆ.

ಅಡಕ: ದಪ್ಪ ಬ್ಯಾಟರಿ ಎರಡು, ಹಳೆಯ ಟೂತ್‌ಬ್ರಷ್ ಒಂದು, ತೆರೆದ ಕಿಟಕಿ ಒಂದು.